ಆನೆಗಳ ಸಾಹೇಬರಾದ ಜಾರ್ಜ್ ಸ್ಯಾಂಡರ್ಸನ್

ನಮ್ಮ ಮುಕ್ಕುಂದದ ಹೊಳೆದಂಡೆಯ ಮೇಲೆ ನಿಂತವನಿಗೆ ತುಂಗಭದ್ರೆಯ ಆಚೆ ಕಾಣುವುದು ಬಳ್ಳಾರಿಯ ಸೀಮೆ. ಆ ಬಳ್ಳಾರಿಯಲ್ಲಿ ಲಂಡನ್ ಮಿಶನಿನ ವಿಲಿಯಂ ರೀವ್ ಎಂಬ ಪಾದ್ರಿಗಳು ಬಹು ವರುಷ ಪ್ರಯಾಸಪಟ್ಟು ಕನ್ನಡದ ಮಾತುಗಳನ್ನು ಕೂಡಿಸಿ, 1832ನೆಯ ಇಸವಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಒಂದು ದೊಡ್ಡ ನಿಘಂಟನ್ನು ಹೊರಡಿಸಿದರು. ಆ ಗ್ರಂಥವನ್ನು ತಿದ್ದಿ, ವಿಸ್ತರಿಸಿ, 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಶನ್ ಅಚ್ಚುಕೂಟದಿಂದ ಪುನಃ ಪ್ರಕಟಿಸಿದವರು ದಾನಿಯೇಲ್ ಸ್ಯಾಂಡರ್ಸನ್ ಪಾದ್ರಿಗಳು. ಇವರು ಹಳಗನ್ನಡ ಕಾವ್ಯಗಳನ್ನೂ ಚೆನ್ನಾಗಿ ಓದಿದವರು. ತಂದೆಯ ಹೆಸರನ್ನು ನಿಘಂಟು ತೆರೆಯುವ ಪಂಡಿತರು ಮಾತ್ರ ಬಲ್ಲರು. ಮಗನ ಹೆಸರಾದರೋ ದೇಶದೇಶಗಳಲ್ಲಿ ಹಬ್ಬಿತು. ಆ ಮಗನೇ ಜಾರ್ಜ್ ಪೆರೆಸ್ ಸ್ಯಾಂಡರ್ಸನ್. ಪಾದ್ರಿಗಳ ಮನೆಯಲ್ಲಿ ಹುಟ್ಟಿ, ಬಂದೂಕು ಹಿಡಿದು ಕಾಡಿಗೆ ಹೋಗಿ, ಕಡೆಗೆ ಬಂದೂಕಿಗಿಂತ ಹಗ್ಗದಿಂದಲೇ ಪ್ರಸಿದ್ಧರಾದ ಇವರ ಚರಿತ್ರೆಯನ್ನು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಇವರು 1848ರಲ್ಲಿ ಹಿಂದೂದೇಶದಲ್ಲಿ ಹುಟ್ಟಿದರು. ಆ ಕಾಲದ ಮಿಶನೆರಿಗಳ ಮಕ್ಕಳಂತೆ ಇವರೂ ಚಿಕ್ಕಂದಿನಲ್ಲಿಯೇ ಇಂಗ್ಲೆಂಡಿಗೆ ಕಳುಹಿಸಲ್ಪಟ್ಟು ಅಲ್ಲಿ ವಿದ್ಯಾಭ್ಯಾಸ ಮಾಡಿ, 1864ರಲ್ಲಿ ಹದಿನಾರು ವರುಷದ ಹುಡುಗರಾಗಿ ತಿರಿಗಿ ಬಂದರು. ಕಾಫಿತೋಟದ ಕೆಲಸ ಹಿಡಿಯಬೇಕೆಂಬುದು ಮೊದಲಿನ ಯೋಚನೆ. ಅದು ಕೈಗೂಡಲಿಲ್ಲ. ಹೀಗಾಗಿ ಕನ್ನಡವನ್ನು ಕಲಿಯುತ್ತಾ ಕಾಲ ಕಳೆದರು. ಈ ಕನ್ನಡವೇ ಮುಂದೆ ಅವರಿಗೆ ಎಲ್ಲಾ ಬಾಗಿಲುಗಳನ್ನೂ ತೆರೆಯಿತು. ಮೈಸೂರು ಸೀಮೆಯು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಅಲ್ಲಿನ ನಾಲೆಗಳ ಇಲಾಖೆಯಲ್ಲಿ ಇವರಿಗೆ ಉದ್ಯೋಗ ದೊರೆತು, ಹುಣಸೂರಿನ ಕಡೆಯ ನಾಲೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದರು. ನಾಲೆಯ ನೀರು ಕೊನೆಯ ಗದ್ದೆಗೆ ಮುಟ್ಟಿತೋ ಇಲ್ಲವೋ ಎಂದು ದಂಡೆಯುದ್ದಕ್ಕೂ ತಿರುಗುವ ಅಧಿಕಾರಿಯ ಕಷ್ಟವೇನೆಂಬುದನ್ನು ಸಿಂಧನೂರು ತಾಲ್ಲೂಕಿನವರಿಗೆ ನಾವು ಹೇಳಬೇಕಾಗಿಲ್ಲ. ಆ ನಾಲೆಗಳು ಮಾತ್ರ ಕಾಡಿನ ಅಂಚಿನಲ್ಲಿದ್ದವು. ದಿನವೆಲ್ಲಾ ದಂಡೆಯ ಮೇಲೆ ನಡೆಯುವವರಿಗೆ ಹುಲಿಯ ಹೆಜ್ಜೆಯೂ ಆನೆಯ ಲದ್ದಿಯೂ ನಿತ್ಯದ ಸಂಗತಿಗಳಾದವು.

ಆ ಸೀಮೆಯ ರೈತರಿಗೆ ಆನೆಯೆಂದರೆ ದೇವರ ಉತ್ಸವದಲ್ಲಿ ಕಾಣುವ ಪ್ರಾಣಿಯಲ್ಲ. ರಾಗಿ ತೆನೆಗಟ್ಟುವ ಕಾಲಕ್ಕೆ ಹಿಂಡು ಇಳಿದರೆ ಒಂದೇ ರಾತ್ರಿಯಲ್ಲಿ ವರುಷದ ಕೂಳು ಹೋಗುವುದು. ಮಂಚಿಕೆ ಕಟ್ಟಿ ಬೆಂಕಿ ಹಾಕಿ ಕಾಯುವವರು ಹಿಂಡಿಗಿಂತಲೂ ಒಂಟಿ ಸಲಗಕ್ಕೆ ಹೆಚ್ಚಾಗಿ ಹೆದರುತ್ತಿದ್ದರು. ಕಾಕನಕೋಟೆಯ ಕಾಡಿನೊಳಗೆ ಮೈಸೂರಿನಿಂದ ವೈನಾಡಿಗೆ ಹೋಗುವ ದಾರಿಯಲ್ಲಿ ಅಂಥ ಒಂದು ಪುಂಡಾನೆಯು ಮನುಷ್ಯರನ್ನು ಕೊಂದು, ದಾರಿಹೋಕರು ನಡೆಯಲಾರದಂತೆ ಮಾಡಿತು. ಸ್ಯಾಂಡರ್ಸನ್ನರು ಕಾಡುಕುರುಬರನ್ನು ಮುಂದಿಟ್ಟುಕೊಂಡು ಹೋಗಿ ಅದನ್ನು ಹೊಡೆದರು. ಅವರ ಹೆಸರು ಹಳ್ಳಿಗಳಲ್ಲಿ ಹರಡಿದ್ದು ಇಂಥ ಕೆಲಸಗಳಿಂದ.

ಬಂದೂಕು ಇದ್ದವರೆಲ್ಲರೂ ಇದನ್ನು ಮಾಡಬಹುದಾಗಿತ್ತಲ್ಲಾ ಎಂದು ವಾಚಕರು ಕೇಳಬಹುದು. ಮಾಡಲಾರದೆ ಹೋದವರೇ ಬಹಳ. ಅದರ ಕಾರಣವನ್ನು ತಿಳಿಯದೆ ಇವರ ಚರಿತ್ರೆ ತಿಳಿಯುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಮೊದಲು ಗುಂಡಿನ ಮಾತು. ಆಗಿನ ಬಂದೂಕುಗಳನ್ನು ಅಂಕಿಯಿಂದ ಗುರುತಿಸುತ್ತಿದ್ದರು. ಒಂದು ಪೌಂಡು ಸೀಸವನ್ನು ಕರಗಿಸಿ ಸಮನಾದ 12 ಗುಂಡುಗಳನ್ನು ಎರಕ ಹೊಯ್ದರೆ, ಅದರಲ್ಲಿ ಒಂದು ಗುಂಡು ಹಿಡಿಯುವ ನಳಿಗೆಯದು 12ನೆಯ ನಂಬರಿನ ಬಂದೂಕು. ಆ ಗುಂಡಿನ ತೂಕ ನಮ್ಮ ಲೆಕ್ಕದಲ್ಲಿ ಮೂರೂಕಾಲು ತೊಲೆ. ಎಂಟು ಗುಂಡುಗಳಾದರೆ 8ನೆಯ ನಂಬರು. ಅದರ ಗುಂಡು ಐದು ತೊಲೆಗೆ ಸ್ವಲ್ಪ ಕಡಿಮೆ. ನಾಲ್ಕೇ ಗುಂಡುಗಳಾದರೆ 4ನೆಯ ನಂಬರು. ಅದು ಹತ್ತು ತೊಲೆಯ ಹತ್ತಿರ. ಅಂಕಿ ಇಳಿದಷ್ಟೂ ಗುಂಡು ದೊಡ್ಡದಾಗುವುದೆಂಬುದನ್ನು ಜ್ಞಾಪಕದಲ್ಲಿಡಬೇಕು. ಸ್ಯಾಂಡರ್ಸನ್ನರು ಆನೆಗಾಗಿ 8 ಮತ್ತು 4ನೆಯ ನಂಬರಿನ ಬಂದೂಕುಗಳನ್ನು ಉಪಯೋಗಿಸಿದರು. ಅಂಥ ಒಂದು ಬಂದೂಕು ಏಳೆಂಟು ಕಿಲೋ ತೂಗುವುದು. ಹಗುರವಾಗಿದ್ದರೆ ಹೊಡೆದವನ ಹೆಗಲೇ ಮುರಿದೀತು. ಆಗಿನದು ಕರಿಮದ್ದಾದ್ದರಿಂದ ಒಂದು ಸಲ ಹಾರಿಸಿದೊಡನೆ ಕಣ್ಣ ಮುಂದೆ ಹೊಗೆಯ ಗೋಡೆ ಏಳುವುದು. ಆ ಹೊಗೆಯ ಆಚೆ ಆನೆ ಬಿದ್ದಿದೆಯೋ, ಮೇಲೆ ಬರುತ್ತಿದೆಯೋ ಕಾಣುತ್ತಿರಲಿಲ್ಲ.

ಗುಂಡು ದೊಡ್ಡದಾದ ಮಾತ್ರಕ್ಕೆ ಸಾಲದು. ಬರೀ ಸೀಸ ಮೆತ್ತಗೆ. ದಪ್ಪ ಎಲುಬಿಗೆ ತಾಗಿದಾಗ ಸುತ್ತಿಗೆಯ ಪೆಟ್ಟು ತಿಂದ ಬಿಲ್ಲೆಯಂತೆ ಚಪ್ಪಟೆಯಾಗಿ ಅಲ್ಲಿಯೇ ನಿಲ್ಲುವುದು. ಆದಕಾರಣ ಆನೆಗೆ ಹೋಗುವವರು ಸೀಸಕ್ಕೆ ತವರವನ್ನಾಗಲಿ ಪಾದರಸವನ್ನಾಗಲಿ ಬೆರಸಿ ಗಟ್ಟಿಮಾಡಿಕೊಳ್ಳುತ್ತಿದ್ದರು. ಆ ದಿನಗಳಲ್ಲಿಯೇ ಎಕ್ಸ್‌ಪ್ರೆಸ್ ಎಂಬ ಹೊಸ ಬಂದೂಕು ಬಂದಿತು. ಅದರ ಗುಂಡು ಹಗುರ, ಮೂತಿಯಲ್ಲಿ ಟೊಳ್ಳು, ಮದ್ದು ಹೆಚ್ಚು, ವೇಗ ಬಹಳ. ಮಾಂಸಕ್ಕೆ ತಾಗಿದ ಕೂಡಲೆ ನಾಯಿಕೊಡೆಯಂತೆ ಅರಳಿ ಒಳಗೆಲ್ಲಾ ಸೀಳುವುದು. ಜಿಂಕೆಗೂ ತೆಳುಚರ್ಮದ ಚಿರತೆಗೂ ಅದು ಒಳ್ಳೆಯದು. ಅದೇ ಗುಂಡನ್ನು ಕಾಡುಕೋಣದ ಹೆಗಲಿಗಾಗಲಿ ಆನೆಯ ತಲೆಗಾಗಲಿ ಹೊಡೆದರೆ ಮೇಲ್ಗಡೆಯೇ ಪುಡಿಯಾಗಿ, ಅಗಲವಾದ ಗಾಯವನ್ನು ಮಾಡಿ, ಜೀವವಿರುವ ಸ್ಥಳಕ್ಕೆ ಮುಟ್ಟುವುದೇ ಇಲ್ಲ. ಅರಳುವ ಗುಂಡು ಆಳಕ್ಕೆ ಹೋಗದು. ಆಳಕ್ಕೆ ಹೋಗುವ ಗುಂಡು ಅರಳದು. ಯಾವ ಮೃಗಕ್ಕೆ ಯಾವುದೆಂದು ತಿಳಿಯದವನು ಕಾಡಿಗೆ ಹೋಗುವುದು, ಕತ್ತಿಯಿಂದ ಬಟ್ಟೆ ಹೊಲಿಯಲು ಕೂತಂತೆ.

ಇನ್ನು ಗುರಿಯ ಮಾತು. ಇದು ಗುಂಡಿಗಿಂತ ಮುಖ್ಯವಾದದ್ದು. ಆನೆಯ ತಲೆ ಗುಡಿಸಲಿನಷ್ಟು ದೊಡ್ಡದಾಗಿ ಕಂಡರೂ ಅದರ ಮಿದುಳು ತಲೆಯ ಸ್ವಲ್ಪ ಭಾಗದಲ್ಲಿ ಮಾತ್ರ ಇರುವುದು. ಹಣೆಯ ಎತ್ತರದ ಗುಬ್ಬಿಗಳೊಳಗೆ ಮಿದುಳಿಲ್ಲ. ಅವು ಜೇನುಹಟ್ಟಿಯಂತೆ ಗಾಳಿ ತುಂಬಿದ ಎಲುಬಿನ ಗೂಡುಗಳು. ಮಿದುಳು ಇರುವುದು ಕೆಳಗೆ, ಹಿಂದಕ್ಕೆ, ಎರಡು ಕಿವಿಗಳ ತೂತುಗಳ ನಡುವೆ. ತಿಳಿಯದವನು ನಟ್ಟಹಣೆಗೆ ಹೊಡೆಯುತ್ತಾನೆ. ಗುಂಡು ಗೂಡುಗಳಲ್ಲಿ ಹೊಕ್ಕು ಮಿದುಳಿನ ಮೇಲಿಂದ ಹಾದುಹೋಗುತ್ತದೆ. ಆನೆ ತಲೆ ಕೊಡವಿ ಮೇಲೆ ಬರುತ್ತದೆ. ಮಿದುಳಿಗೆ ಮೂರು ದಾರಿಗಳುಂಟು. ಪಕ್ಕದಿಂದ ಕಣ್ಣಿಗೂ ಕಿವಿಯ ತೂತಿಗೂ ನಡುವಣ ತಗ್ಗಿನಲ್ಲಿ ಒಂದು. ಹಿಂದಿನಿಂದ, ಕಿವಿಯ ಬೆನ್ನ ಹಿಂದೆ ಒಂದು. ಎದುರಿನಿಂದ ಸೊಂಡಿಲ ಬುಡದ ಮೇಲೆ ಒಂದು. ಇದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಆನೆ ತಲೆಯೆತ್ತಿದಷ್ಟೂ ಗುರಿ ಕೆಳಗಿಳಿಯಬೇಕು, ತಗ್ಗಿಸಿದಷ್ಟೂ ಮೇಲೇರಬೇಕು. ಮೇಲೆ ಬೀಳುವ ಆನೆಯ ಮುಂದೆ ಈ ಲೆಕ್ಕವನ್ನು ಮಾಡಲು ಸಿಕ್ಕುವ ಕಾಲ ಒಂದೆರಡು ಉಸಿರು ಮಾತ್ರ.

ಮಿದುಳಿನ ಪಕ್ಕದಲ್ಲಿ ಗುಂಡು ಹೋದರೆ ಇನ್ನೊಂದು ಮೋಸವುಂಟು. ಆನೆ ಸತ್ತಂತೆ ಧೊಪ್ಪನೆ ಬೀಳುವುದು. ಅದು ಬರೀ ಮೂರ್ಛೆ. ಹೊಡೆದವನು ಗೆದ್ದೆನೆಂದುಕೊಂಡು ಹತ್ತಿರ ಹೋದರೆ ಎದ್ದು ನಿಲ್ಲುವುದು. ಬಿದ್ದೊಡನೆ ಎರಡನೆಯ ಗುಂಡನ್ನು ಹಾಕಬೇಕೆಂಬುದು ಆ ಕಸುಬಿನವರ ನಿಯಮ. ಗುಂಡಿಗೆಗೋ ಶ್ವಾಸಕೋಶಕ್ಕೋ ಸರಿಯಾಗಿ ತಾಗಿದ ಆನೆಯಾದರೂ ನಿಂತಲ್ಲೇ ಬೀಳದೆ, ಸ್ವಲ್ಪ ದೂರ ಓಡಿಯೇ ಬೀಳುವುದು. ಹೊಟ್ಟೆಗೆ ತಾಗಿದ್ದು ಬೀಳುವುದೇ ಇಲ್ಲ, ಕಾಡಿನೊಳಕ್ಕೆ ನಡೆದುಹೋಗುವುದು.

ಕಾಡುಕೋಣಕ್ಕೆ ಬೆನ್ನಿನ ಮೇಲೆ ಎತ್ತರವಾದ ದಿಂಡು ಇದೆ. ಅದನ್ನು ಮೈಯೆಂದು ಎಣಿಸಿ ನಡುಮಟ್ಟಕ್ಕೆ ಹೊಡೆದರೆ ಗುಂಡು ಮೇಲಾಗುವುದು. ನಮ್ಮ ಕಡೆಯ ಕಾಡುಹಂದಿಗೂ ಇಂಥದೊಂದು ವಿಶೇಷವುಂಟು: ದೊಡ್ಡ ಗಂಡುಹಂದಿಯ ಹೆಗಲಿನ ಮೇಲೆ ಚರ್ಮವು ಗುರಾಣಿಯಂತೆ ದಪ್ಪವಾಗಿ ಬೆಳೆದಿರುತ್ತದೆ. ಕೆಲವು ಊರುಗಳಲ್ಲಿ ಮೊಳೆ, ಕಬ್ಬಿಣದ ಚೂರು ತುಂಬಿ ಹಾರಿಸುವ ಕಳ್ಳಬಂದೂಕುಗಳು ಇವೆಯೆಂದು ಬಲ್ಲವರು ಬಲ್ಲರು. ಆ ಚೂರು ನೆಟ್ಟಗೂ ಹೋಗದು, ಆಳಕ್ಕೂ ಹೋಗದು. ಹಂದಿ ಸಾಯದೆ, ಮರುದಿನ ಜೋಳದ ಹೊಲದಲ್ಲಿ ಕಳೆ ಕೀಳಲು ಬಂದ ಹೆಂಗಸರ ಮೇಲೆ ಬೀಳುವುದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಪ್ರಕಾರ ಅಪ್ಪಣೆಯಿಲ್ಲದೆ ಇದನ್ನು ಮಾಡುವುದೇ ಅಪರಾಧವೆಂಬುದು ಬೇರೆ ಮಾತು.

ಸ್ಯಾಂಡರ್ಸನ್ನರ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿಯುವುದು ಇದೇ ಸಂಗತಿ. ತಪ್ಪಿದ ಗುಂಡಿನ ಸಾಲವನ್ನು ಹಾರಿಸಿದವನು ತೀರಿಸುವುದಿಲ್ಲ. ಬೇಟೆಗಾರ ಸಾಹೇಬನು ಬೇಸರದಿಂದ ಕುದುರೆಯೇರಿ ಊರಿಗೆ ಹೋಗುತ್ತಾನೆ; ಗಾಯದ ಮೃಗವು ಕಾಡಿನಲ್ಲಿಯೇ ಉಳಿಯುತ್ತದೆ; ಸೌದೆಗೆ ಹೋದವಳು, ದನ ಕಾಯುವ ಹುಡುಗ, ಟಪ್ಪಾಲು ಹೊತ್ತ ಆಳು, ಇವರಲ್ಲಿ ಯಾರಾದರೊಬ್ಬರು ಅದಕ್ಕೆ ಎದುರಾಗುತ್ತಾರೆ. ಹುಲಿಯ ಬೇಟೆಯಲ್ಲಿಯೂ ಹಾಗೆಯೇ. ಹಲಗೆ ಬಡಿದು ಹುಲಿಯನ್ನು ಪೊದೆಯಿಂದ ಎಬ್ಬಿಸುವವರು ಸ್ವಲ್ಪ ಕೂಲಿಗೆ ಬಂದ ಹಳ್ಳಿಯ ಬಡವರು. ಸಾಹೇಬನು ಮರದ ಮೇಲೆ ಮಂಚದಲ್ಲಿರುತ್ತಾನೆ. ಹುಲಿಯ ಮುಂಗಾಲಿನ ಹೆಗಲೆಲುಬನ್ನು ಮುರಿದು ಒಳಹೊಕ್ಕ ಗುಂಡು ಅದನ್ನು ನಿಲ್ಲಿಸುವುದು. ಹೊಟ್ಟೆಗೆ ಬಿದ್ದ ಗುಂಡು ಅದನ್ನು ಪೊದೆಯಲ್ಲಿ ಅಡಗಿಸುವುದು, ಆ ಪೊದೆಗೆ ಮೊದಲು ಕಾಲಿಡುವವನು ಮಂಚದ ಮೇಲಿದ್ದವನಲ್ಲ. ಹಳೆಯ ಗುಂಡಿನ ಗಾಯದಿಂದ ಕುಂಟಾಗಿ, ಜಿಂಕೆಯನ್ನು ಹಿಡಿಯಲಾರದೆ ಮನುಷ್ಯರನ್ನು ಹಿಡಿದ ಹುಲಿಗಳು ಹಿಂದೂದೇಶದಲ್ಲಿ ಎಷ್ಟೋ ಇದ್ದವು.

ಆದುದರಿಂದಲೇ ಸ್ಯಾಂಡರ್ಸನ್ನರು ಹತ್ತಿರ ಹೋಗಿ ಹೊಡೆಯುವವರು. ಗಾಳಿ ನೋಡಿಕೊಂಡು, ಒಣಗಿದ ಎಲೆಯ ಮೇಲೆ ಕಾಲಿಡದೆ, ಕೆಲವೇ ಹೆಜ್ಜೆಗಳ ದೂರಕ್ಕೆ ಹೋಗಿ, ಮೃಗವು ತಲೆಯನ್ನು ಬೇಕಾದ ಕಡೆಗೆ ತಿರುಗಿಸುವವರೆಗೆ ಕಾದು, ತಿರುಗಿಸದಿದ್ದರೆ ಹಾರಿಸದೆ ಬರುವುದು. ಇಷ್ಟು ಹತ್ತಿರ ಹೋಗಲು ಅವರಿಗೆ ಸಾಧ್ಯವಾದದ್ದು ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಂದ, ಕಾಕನಕೋಟೆಯ ಕುರುಬರಿಂದ. ಮುರಿದ ಬಿದಿರಿನ ತುದಿಯನ್ನು ನೋಡಿ, ಆನೆ ಎಷ್ಟು ಹೊತ್ತಿನ ಹಿಂದೆ ಹೋಯಿತೆಂದು ಹೇಳುವ ಜನ ಅವರು. ಅವರೊಂದಿಗೆ ಕನ್ನಡದಲ್ಲಿಯೇ ಮಾತಾಡಿ ಸಾಹೇಬರು ಆ ವಿದ್ಯೆಯನ್ನು ಕಲಿತರು. ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಷ್ಟು ಮಾಡಿದರೆ ಹೆಗಲಿನವರೆಗಿನ ಎತ್ತರ ಬರುವುದೆಂಬುದನ್ನು ಅವರು ಎಷ್ಟೋ ಆನೆಗಳನ್ನು ಅಳೆದು ಸರಿಯೆಂದು ಕಂಡರು. ಹದಿನೈದು ಅಡಿ ಎತ್ತರದ ಆನೆಗಳೆಂದು ಬೇಟೆಗಾರರು ಹೇಳಿಕೊಳ್ಳುತ್ತಿದ್ದ ಕಥೆಗಳು ಈ ಅಳತೆಯ ಮುಂದೆ ನಿಲ್ಲಲಿಲ್ಲ.

ಚಾಮರಾಜನಗರದ ಸುತ್ತಿನ ಹಳ್ಳಿಗಳನ್ನು ನಡುಗಿಸಿದ ಒಂದು ನರಭಕ್ಷಕ ಹೆಣ್ಣುಹುಲಿಯನ್ನು ಅವರು ಬಹುಕಾಲ ಬೆನ್ನಟ್ಟಿ ಕೊಂದರು. ಹಾಗಿದ್ದರೂ ಎಲ್ಲಾ ಹುಲಿಗಳನ್ನೂ ವಿಷವಿಟ್ಟು, ಬಹುಮಾನವಿಟ್ಟು ನಿರ್ಮೂಲ ಮಾಡಬೇಕೆಂಬ ಆಗಿನ ಅಭಿಪ್ರಾಯವನ್ನು ಅವರು ಒಪ್ಪಲಿಲ್ಲ. ಮನುಷ್ಯರನ್ನು ತಿನ್ನುವ ಹುಲಿ ಬೇರೆ, ದನ ಹಿಡಿಯುವ ಹುಲಿ ಬೇರೆ, ಕಾಡಿನ ಜಿಂಕೆ ಹಂದಿಗಳನ್ನು ತಿಂದುಕೊಂಡಿರುವ ಹುಲಿ ಬೇರೆ. ಈ ಕಡೆಯದು ರೈತನ ಬೆಳೆಯನ್ನು ಕಾಯುವ ಪ್ರಾಣಿಯೆಂದು ಅವರು ವಾದಿಸಿದರು. ನೂರೈವತ್ತು ವರುಷಗಳ ಹಿಂದೆ ಒಬ್ಬ ಬೇಟೆಗಾರನ ಬಾಯಿಂದ ಈ ಮಾತು ಬಂದದ್ದು ಸಾಮಾನ್ಯವಲ್ಲ.

ಅವರು ಬರೀ ರೈತರ ಉಪಕಾರಕ್ಕಾಗಿಯೇ ಬೇಟೆಯಾಡಿದರೆಂದು ನಾವು ಬರೆದರೆ ಸುಳ್ಳಾಗುವುದು. ಅವರಿಗೆ ಬೇಟೆಯ ಆಶೆಯಿತ್ತು. ಯಾರಿಗೂ ಕೇಡು ಮಾಡದೆ ಬೆಟ್ಟದಲ್ಲಿ ಮೇಯುತ್ತಿದ್ದ ಕಾಡುಕೋಣಗಳನ್ನು ಕೊಂಬಿಗಾಗಿ ಕೊಂದದ್ದನ್ನು ಅವರೇ ಮರೆಮಾಡದೆ ಬರೆದಿದ್ದಾರೆ. ಇದು ನಮಗೆ ಒಪ್ಪಿಗೆಯಿಲ್ಲ.

ಆದರೆ ಆನೆಯ ವಿಷಯದಲ್ಲಿ ಅವರ ಯೋಚನೆ ಬೇರೆ ದಾರಿ ಹಿಡಿಯಿತು. ಬೆಳೆ ಹಾಳುಮಾಡುವ ಹಿಂಡಿನಲ್ಲಿ ಒಂದನ್ನು ಕೊಂದರೆ ಉಳಿದವು ಪಕ್ಕದ ಹಳ್ಳಿಗೆ ಹೋಗುತ್ತವೆ; ಎಲ್ಲವನ್ನೂ ಕೊಲ್ಲುವುದು ಆಗದ ಮಾತು, ಆಗಬಾರದ ಮಾತೂ ಹೌದು. ಹಿಂಡನ್ನೇ ಹಿಡಿದು ಪಳಗಿಸಿದರೆ ಬೆಳೆಯೂ ಉಳಿಯುವುದು, ಸರ್ಕಾರಕ್ಕೂ ಕೆಲಸದ ಆನೆಗಳು ಸಿಕ್ಕುವುವು. 1873ರಲ್ಲಿ ಈ ಯೋಚನೆಯನ್ನು ಅವರು ಸರ್ಕಾರದ ಮುಂದಿಟ್ಟರು. ಅದೇ ವರುಷ ಮದರಾಸು ಸರ್ಕಾರವು ಕಾಡಾನೆಗಳನ್ನು ಸುಮ್ಮನೆ ಕೊಲ್ಲಬಾರದೆಂದು ಕಾನೂನು ಮಾಡಿತು. 1879ರಲ್ಲಿ ಅಂಥದೇ ಕಾನೂನು ಹಿಂದೂದೇಶದ ಸರ್ಕಾರದಿಂದಲೂ ಆಯಿತು.

ಮೈಸೂರಿನಲ್ಲಿ ಹಿಂಡಾನೆಗಳನ್ನು ಹಿಡಿಯುವುದು ಅಸಾಧ್ಯವೆಂದು ಜನರು ನಂಬಿದ್ದರು. ಅದಕ್ಕೆ ಸುಮಾರು ನೂರು ವರುಷಗಳ ಹಿಂದೆ ಹೈದರಾಲಿಯು ಕಾಕನಕೋಟೆಯ ಕಾಡಿನಲ್ಲಿ ಪ್ರಯತ್ನಿಸಿ ಸೋತು, ಇನ್ನು ಯಾರಿಂದಲೂ ಇದಾಗದು, ಪ್ರಯತ್ನಿಸಿದವನಿಗೆ ಶಾಪವೆಂದು ಕಲ್ಲಿನ ಮೇಲೆ ಕೆತ್ತಿಸಿದ್ದನು. ಸ್ಯಾಂಡರ್ಸನ್ನರೂ ಮೊದಲು ಸೋತರು. ಆಮೇಲೆ ಚಾಮರಾಜನಗರದ ಬಳಿ ಹೊನ್ನುಹೊಳೆಯ ದಂಡೆಯಲ್ಲಿ ಕಂದಕ ತೋಡಿಸಿ, 1874ರ ಜೂನ್ ತಿಂಗಳಲ್ಲಿ ಹಿಂಡು ಒಳಗೆ ಬಂದ ಕೂಡಲೆ ಸುತ್ತಲೂ ಹಳ್ಳಿಯವರನ್ನು ನಿಲ್ಲಿಸಿ, ರಾತ್ರಿಯೆಲ್ಲಾ ಬೆಂಕಿ ಉರಿಸಿ, ತಮಟೆ ಕೂಗಾಟಗಳಿಂದ ಆನೆಗಳನ್ನು ಗಟ್ಟಿ ದಿಮ್ಮಿಗಳ ಆವರಣದೊಳಕ್ಕೆ ನೂಕಿದರು. ಪಳಗಿದ ಆನೆಗಳ ಮೇಲೆ ಮಾವುತರು ಒಳಹೊಕ್ಕು, ಒಂದೊಂದನ್ನಾಗಿ ಬೇರೆಮಾಡಿ, ಹಿಂಗಾಲಿಗೆ ಹಗ್ಗ ಹಾಕಿ ಕಟ್ಟಿದರು. ಐವತ್ತಕ್ಕೆ ಮೇಲ್ಪಟ್ಟ ಆನೆಗಳು ಸಿಕ್ಕಿದವು. ತಮ್ಮ ರಾಗಿಹೊಲವನ್ನು ತುಳಿದವುಗಳನ್ನು ಕಟ್ಟಿಹಾಕಿದ್ದನ್ನು ನೋಡಲು ರೈತರು ಹೆಂಡಿರುಮಕ್ಕಳೊಂದಿಗೆ ಬಂದರೆಂದು ನಾವು ಊಹಿಸಿದರೆ ತಪ್ಪಾಗಲಾರದು. ಖೆಡ್ಡಾ ಎಂಬ ಈ ಉಪಾಯವು ಬಂಗಾಳದ ಕಡೆ ಮೊದಲೇ ಇತ್ತು. ಅದನ್ನು ಮೈಸೂರಿನ ನೆಲಕ್ಕೆ ಹೊಂದಿಸಿದ ಕೀರ್ತಿ ಇವರದು.

ಮರುವರುಷವೇ ಬಂಗಾಳದ ಸರ್ಕಾರವು ಇವರನ್ನು ಕರೆಯಿಸಿಕೊಂಡು ಚಿತ್ತಗಾಂಗ್ ಬೆಟ್ಟಗಳಲ್ಲಿ ಆನೆ ಹಿಡಿಸಿತು. 1878ರಲ್ಲಿ ತಮ್ಮ ಹದಿಮೂರು ವರುಷಗಳ ಅನುಭವವನ್ನು ಅವರು ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಕಿಪ್ಲಿಂಗ್ ಎಂಬ ಪ್ರಸಿದ್ಧ ಕಥೆಗಾರನು ಆನೆ ಹಿಡಿಯುವ ಸಾಹೇಬನ ಪಾತ್ರವನ್ನು ಇವರನ್ನು ನೋಡಿ ಬರೆದನೆಂದು ಹೇಳುವುದುಂಟು.

ಖೆಡ್ಡಾದಲ್ಲಿ ಗುಂಡು ಇಲ್ಲವೆಂದು ಅದು ಕನಿಕರದ ಕೆಲಸವೆಂದು ಎಣಿಸಬಾರದು. ಹಗ್ಗ ಕೊರೆದು ಕಾಲು ಹುಣ್ಣಾಗಿ, ಮೇವು ಬಿಟ್ಟು, ತಾಯಿಯಿಂದ ಅಗಲಿ ಸತ್ತ ಆನೆಗಳು ಅನೇಕ. ಈಗಿನವರು ಹಗ್ಗಕ್ಕೆ ಮೊದಲು ಅರಿವಳಿಕೆ ಮದ್ದಿನ ಸೂಜಿಯನ್ನು ಬಂದೂಕಿನಿಂದ ಹಾರಿಸುತ್ತಾರೆ. ಅದಕ್ಕೂ ಗುರಿ ಬೇಕು. ದಪ್ಪ ಮಾಂಸಖಂಡಕ್ಕೆ ತಾಗಬೇಕು. ತಾಗಿದರೂ ಮದ್ದು ಏರುವುದಕ್ಕೆ ನಿಮಿಷಗಳು ಬೇಕು, ಅಷ್ಟರವರೆಗೆ ಆನೆ ಆನೆಯೇ. 2023ರ ಆಗಸ್ಟ್ ತಿಂಗಳಲ್ಲಿ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ಮಾಡುವುದಕ್ಕಾಗಿ ಹೀಗೆ ಸೂಜಿ ಹಾರಿಸಿದ ಅನುಭವಸ್ಥನೊಬ್ಬನನ್ನು ಆ ಆನೆಯು ತಿರುಗಿ ಅಟ್ಟಿ ಕೊಂದಿತು. ಅದೇ ವರುಷದ ಗಣತಿಯಲ್ಲಿ ಕರ್ನಾಟಕದ ಕಾಡಾನೆಗಳು 6,395 ಎಂದು ಅಂದಾಜಾಯಿತು. ಬೇರೆ ಯಾವ ರಾಜ್ಯದಲ್ಲಿಯೂ ಇಷ್ಟಿಲ್ಲ.

ಕಾಡಿನ ಜ್ವರವೂ ದಣಿವೂ ಸ್ಯಾಂಡರ್ಸನ್ನರ ದೇಹವನ್ನು ತಿಂದಿದ್ದವು. 1892ನೆಯ ಮೇ ತಿಂಗಳಲ್ಲಿ, ನಾಲ್ವತ್ತನಾಲ್ಕು ವರುಷಕ್ಕೆ ಹತ್ತಿರದ ಪ್ರಾಯದಲ್ಲಿ ಅವರು ಮದರಾಸಿನಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ಖೆಡ್ಡಾ ಅವರ ತರುವಾಯವೂ ಮೈಸೂರು ಮಹಾರಾಜರ ಕಾಲದಲ್ಲಿ ದೇಶಾಂತರದ ಅತಿಥಿಗಳು ನೋಡಲು ಬರುವ ದೊಡ್ಡ ಉತ್ಸವವಾಗಿ ನಡೆದು, 1971ರಲ್ಲಿ ಕಾಕನಕೋಟೆಯಲ್ಲಿ ಕಡೆಯ ಸಲ ನಡೆಯಿತು. ಮೂರು ವರುಷಗಳ ಮೇಲೆ ಕಪಿಲೆಗೆ ಕಟ್ಟಿದ ಅಣೆಕಟ್ಟಿನ ನೀರು ನಿಂತು, ಆನೆಗಳನ್ನು ಅಟ್ಟುತ್ತಿದ್ದ ಆ ಬಯಲುಗಳನ್ನು ಮುಚ್ಚಿತು. ಬೇಸಿಗೆಯಲ್ಲಿ ಆ ನೀರು ಹಿಂದಕ್ಕೆ ಸರಿದು ದಂಡೆಯಲ್ಲಿ ಎಳೆಹುಲ್ಲು ಚಿಗುರಿದಾಗ, ಸುತ್ತಿನ ಕಾಡುಗಳಿಂದ ನೂರಾರು ಆನೆಗಳು ಮರಿಗಳೊಂದಿಗೆ ಅಲ್ಲಿಗೆ ಇಳಿದು ಬಂದು ಮೇಯುತ್ತವೆ.